ಅಸ್ತು ದೇವತೆಗಳು ಕೇಳಿಸಿಕೊಂಡ ಆಟ

ಅಣ್ಣನ ಮದುವೆಯಾದದ್ದು ಬೇಸಿಗೆಯಲ್ಲಿ. ಅತ್ತಿಗೆ ಜಗಳೂರಿನವಳು. ಚನ್ನಗಿರಿಯ ನಮ್ಮ ಮನೆಗೆ ಬಂದ ಹೊಸದರಲ್ಲಿ ಅವಳ ಬಾಯಿಂದ ಬಂದ ಮಾತೆಂದರೆ 'ಹ್ಞೂಂರೀ', 'ಆಯ್ತ್ರೀ', 'ಸಾಕ್ರೀ' ಇಷ್ಟೇ. ಹೊಸ ಸೊಸೆ ಮಾತು ಕಡಿಮೆ ಅಂತ ಓಣಿಯವರೆಲ್ಲ ಮೆಚ್ಚಿಕೊಂಡರು. ಅವಳನ್ನು ಮೊದಲು ಮೆಚ್ಚಿದವಳು ನಮ್ಮ ದೊಡ್ಡತ್ತೆ.

ದೊಡ್ಡತ್ತೆ ಅಂದರೆ ಅಪ್ಪನ ಅಕ್ಕ. ನಾನು ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಆಮೇಲೆ ನಮ್ಮಿಬ್ಬರನ್ನೂ ಬೆಳೆಸಿದವಳು, ಮನೆ ನಡೆಸಿದವಳು ದೊಡ್ಡತ್ತೆಯೇ. ಮೈನೆರೆದು ವರ್ಷ ತುಂಬುವುದರೊಳಗೆ ಗಂಡನನ್ನು ಕಳಕೊಂಡು ತವರಿಗೆ ಬಂದವಳು ಅಂತ ಮಾತ್ರ ನಮಗೆ ಗೊತ್ತಿತ್ತು. ಅದನ್ನು ಅವಳು ಹೇಳಿದ್ದಲ್ಲ, ಬೇರೆಯವರು ಹೇಳಿದ್ದು. ಬೆಳಗ್ಗೆ ಲಿಂಗಪೂಜೆ ಮುಗಿಯದೆ ಗುಟುಕು ನೀರು ಕುಡಿಯುತ್ತಿರಲಿಲ್ಲ. ಹಣೆ ತುಂಬ ವಿಭೂತಿ. ಕೆಟ್ಟ ಮಾತು ಯಾರಾದರೂ ಆಡಿದರೆ ಅವಳಿಗೆ ಮೈಮೇಲೆ ಬೆಂಕಿ ಬಿದ್ದ ಹಾಗೆ ಆಗುತ್ತಿತ್ತು. ಹಂಚಿನ ಮೇಲೆ ಅಸ್ತು ದೇವತೆಗಳು ಓಡಾಡಿಕೊಂಡಿರುತ್ತಾರೆ, ಕೆಳಗೆ ನಾವು ಏನು ಅಂದರೂ ಅವರು 'ಅಸ್ತು' ಅಂದುಬಿಡುತ್ತಾರೆ, ಅಂದದ್ದು ಆಗಿಬಿಡುತ್ತದೆ ಅನ್ನುವುದು ಅವಳ ಗಟ್ಟಿ ನಂಬಿಕೆ. ಅಂಗಡಿಗೆ ಹೊರಟ ಅಪ್ಪ 'ಹೋಗ್ತೀನಿ' ಅನ್ನುವ ಹಾಗಿರಲಿಲ್ಲ, 'ಬರ್ತೀನಿ' ಅನ್ನಬೇಕು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ 'ಮುಗೀತು' ಅನ್ನಬಾರದು, 'ತುಂಬ್ಯಾವೆ' ಅನ್ನಬೇಕು. ಹೊರಗಿನವರಿಗೆ ಇದರಿಂದ ಗೊಂದಲವಾಗುತ್ತಿತ್ತು. ನಮಗೆ ರೂಢಿಯಾಗಿಹೋಗಿತ್ತು.

ನಾನು ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮುಂದೆ ಓದಬೇಕಾದರೆ ಊರು ಬಿಟ್ಟು ಹೋಗಬೇಕು, ಅದಕ್ಕೆ ಅಪ್ಪ ಒಪ್ಪಲಿಲ್ಲ. ಅಪ್ಪ ಮತ್ತು ಅಣ್ಣ ಅಡಿಕೆ ವ್ಯಾಪಾರಕ್ಕೆ ಬೆಳಗ್ಗೆ ಹೊರಟರೆ ದೀಪ ಹಚ್ಚೋ ಹೊತ್ತಿಗೆ ಮನೆಗೆ. ಮಧ್ಯಾಹ್ನಗಳು ಬಹಳ ಉದ್ದ ಇದ್ದವು. ಮಳೆಗಾಲ ಶುರುವಾದ ಮೇಲೆ ಇನ್ನೂ ಉದ್ದವಾದವು.

ಅಂಥ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಗ ಅತ್ತಿಗೆ ತಾನಾಗಿ ಮಾತಾಡಿದಳು.

"ಎಲ್ಲಿಗಾದ್ರೂ ಹೋಗಾಣೇನು?"

"ಈ ಮಳ್ಯಾಗೆ ಎಲ್ಲಿಗೆ ಅತ್ತಿಗೆ?"

"ಇಲ್ಲೇ ಕೂತ್ಕಂಡು," ಅಂದು ಒಳಗೆ ಹೋಗಿ ತನ್ನ ಟ್ರಂಕಿನಿಂದ ಒಂದು ಕೆಂಪು ಚೀಲ ತಂದಳು. ಅದರಲ್ಲಿ ಐದು ಕವಡೆ ಇದ್ದವು. ಚೌಕಾಬಾರ ಇರಬೇಕು ಅಂದುಕೊಂಡೆ. ಅವಳು ಚೌಕದ ಮನೆಗಳನ್ನು ಬರೆಯಲಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ದಾರಿ ಬರೆದಳು. ದಾರಿಯ ಪಕ್ಕ ಒಂದು ಕೆರೆ, ಒಂದು ಗುಡ್ಡ, ಒಂದು ಸಂತೆ.

ಆ ಆಟ ಹುಟ್ಟಿದ ಕಥೆಯನ್ನು ಆವತ್ತೇ ಹೇಳಿದಳು. ಅವಳ ಅಪ್ಪ ಜಗಳೂರು, ಬಿಳಿಚೋಡು ಕಡೆ ಓಡುತ್ತಿದ್ದ ಬಸ್ಸಿನ ಡ್ರೈವರು. ಒಂದು ದಿನ ಬಸ್ಸಿನ ಟಾಪಿನ ಮೇಲೆ ಶೇಂಗಾ ಚೀಲ ಕಟ್ಟಿಸುತ್ತಿದ್ದವನು ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡ. ಒಂದು ಮಳೆಗಾಲ ಪೂರ್ತಿ ಹಾಸಿಗೆ. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಹೆಂಡತಿ ಕರೆದರೂ ತಿರುಗುತ್ತಿರಲಿಲ್ಲವಂತೆ. ಶಾಲೆಗೆ ಹೋಗುತ್ತಿದ್ದ ಇವಳು ಒಂದು ದಿನ ಅವನ ತಲೆಯ ಹತ್ತಿರ ಕೂತು, "ಅಪ್ಪಾ, ಇವತ್ತು ಬಸ್ಸು ಎಲ್ಲಿಗೆ?" ಅಂತ ಕೇಳಿದಳು. ಅವನು ಬೇಸರದಲ್ಲೇ ಒಂದು ಸ್ಟಾಪು ಹೇಳಿದ. ಆಮೇಲೆ ಇನ್ನೊಂದು. "ಅಲ್ಲಿ ಕುರಿ ಹಿಂಡು ಅಡ್ಡ ಬಂತು ಅನ್ಕ, ಏನು ಮಾಡ್ತಿ?" ಅಂತ ಅವನೇ ತಿರುಗಿ ಕೇಳಿದ. ಇವಳು ಹೇಳಿದ್ದು ಆಯಿತೋ ಇಲ್ಲವೋ ಅಂತ ತೀರ್ಮಾನ ಮಾಡಲು ಅಜ್ಜಿಯ ಕವಡೆ ಬಂದವು. ಬಸ್ಸು ಕ್ರಮೇಣ ಬಿಳಿಚೋಡು ದಾಟಿ, ಸಮುದ್ರ ದಾಟಿ, ಯಾರೂ ನೋಡದ ಊರುಗಳಿಗೆಲ್ಲ ಹೋಯಿತಂತೆ.

ಆಟ ಸುಲಭ. ಒಬ್ಬರು ದಾರಿ ಹೇಳುವವರು. ಅದು ಯಾವಾಗಲೂ ಅತ್ತಿಗೆಯೇ. ಉಳಿದವರು ತಾವು ಯಾರು ಅಂತ ಆರಿಸಿಕೊಳ್ಳಬೇಕು. ಎದುರಿಗೆ ಏನು ಬಂತು ಅಂತ ಅತ್ತಿಗೆ ಹೇಳುತ್ತಾಳೆ, ಏನು ಮಾಡುತ್ತೇವೆ ಅಂತ ನಾವು ಹೇಳಬೇಕು, ಆಮೇಲೆ ಕವಡೆ. ಅಂಗಾತ ಬಿದ್ದವು ಹೆಚ್ಚಿದ್ದರೆ ಅಂದುಕೊಂಡ ಕೆಲಸ ಆಯಿತು. ಬೋರಲು ಬಿದ್ದವು ಹೆಚ್ಚಿದ್ದರೆ ಕೆಟ್ಟಿತು. ಒಮ್ಮೆ ಹಾಕಿದ ಕವಡೆಯನ್ನು ಮತ್ತೆ ಹಾಕುವ ಹಾಗಿಲ್ಲ. ಆ ವಿಷಯದಲ್ಲಿ ಅತ್ತಿಗೆ ಬಹಳ ಕಟ್ಟುನಿಟ್ಟು.

ನಾನು ತಹಶೀಲ್ದಾರಳಾದೆ. ನೆಲದ ಮೇಲೆ ನನ್ನ ಗುರುತು ಒಂದು ಕೆಂಪಡಿಕೆ. ಅವತ್ತು ಮಳೆ ನಿಂತದ್ದೂ ನಮಗೆ ಗೊತ್ತಾಗಲಿಲ್ಲ, ಅಕ್ಕಿ ಅರ್ಧಕ್ಕೇ ಉಳಿಯಿತು.

ಕೆಲವೇ ದಿನಗಳಲ್ಲಿ ಇನ್ನಿಬ್ಬರು ಸೇರಿದರು. ಒಬ್ಬಳು ಪಕ್ಕದ ಮನೆಯ ಆಪಾ. ಕೆರೆಬಿಳಚಿಯಿಂದ ಮದುವೆಯಾಗಿ ಬಂದವಳು, ಓಣಿಯ ಹೆಂಗಸರ ರವಿಕೆಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಆಪಾ ಹಡಗಿನ ವ್ಯಾಪಾರಿಯಾದಳು, ಅವಳ ಗುರುತು ಒಂದು ನೀಲಿ ಗುಂಡಿ. ಇನ್ನೊಬ್ಬಳು ಎದುರುಮನೆಯ ಅಕ್ಕ. ಅವಳ ಗಂಡ ಲಾರಿ ಡ್ರೈವರು, ತಿಂಗಳಲ್ಲಿ ಹದಿನೈದು ದಿನ ದಾರಿಯ ಮೇಲೇ ಇರುತ್ತಿದ್ದ. ಎದುರುಮನೆಯಕ್ಕನಷ್ಟು ಮೆತ್ತಗಿನ ಹೆಂಗಸನ್ನು ನಾನು ಆಮೇಲೂ ಕಂಡಿಲ್ಲ. ತರಕಾರಿಯವನು ತೂಕದಲ್ಲಿ ಮೋಸ ಮಾಡಿದರೂ, ಕೇಳಿದರೆ ಅವನಿಗೆ ಬೇಜಾರಾದೀತು ಅಂತ ಸುಮ್ಮನಾಗುವವಳು. ನೀನು ಯಾರಾಗುತ್ತೀಯ ಅಂತ ಅತ್ತಿಗೆ ಕೇಳಿದಾಗ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡು ಹೇಳಿದಳು:

"ಕಳ್ಳಿ ಆಗ್ಲೇನು? ದರೋಡೆ ಮಾಡೋಳು?"

ನಾವು ನಕ್ಕೆವು. ಆದರೆ ಆಟ ಶುರುವಾದ ಮೇಲೆ ಅವಳಷ್ಟು ಗಟ್ಟಿ ದರೋಡೆಗಾರ್ತಿ ಇನ್ನೊಬ್ಬಳಿಲ್ಲ ಅನ್ನಿಸಿತು. ಹುಣಸೆಬೀಜ ಅವಳ ಗುರುತು. ಗುಡ್ಡದ ಹಿಂದೆ ಹೊಂಚು ಹಾಕಿ ಆಪಾಳ ವ್ಯಾಪಾರದ ಗಾಡಿಗಳನ್ನು ತಡೆಯುತ್ತಿದ್ದಳು, ತಹಶೀಲ್ದಾರಳಾದ ನನ್ನನ್ನು ಕಂಡರೆ "ಬಾರೇ, ನಿನ್ನ ಜೀಪು ಕೆರೀಗೆ ನೂಕ್ತೀನಿ" ಅನ್ನುತ್ತಿದ್ದಳು. ಆ ದನಿ ಎಲ್ಲಿತ್ತು ಅಂತ ನನಗೆ ಆಶ್ಚರ್ಯ. ಆಟ ಮುಗಿಸಿ ಎದ್ದಾಗ ಮತ್ತೆ ಅದೇ ಮೆತ್ತಗಿನ ಅಕ್ಕ, ಚಪ್ಪಲಿ ಸದ್ದಾಗದ ಹಾಗೆ ಮನೆಗೆ ಹೋಗುತ್ತಿದ್ದಳು.

ದೊಡ್ಡತ್ತೆ ಮೊದಮೊದಲು ಏನೂ ಅನ್ನಲಿಲ್ಲ. ಕವಡೆ ಕಂಡು ಮುಖ ಸಿಂಡರಿಸಿದರೂ, ದುಡ್ಡು ಕಟ್ಟಿ ಆಡುವುದಿಲ್ಲ ಅಂತ ಖಾತ್ರಿಯಾದ ಮೇಲೆ ಸುಮ್ಮನಾದಳು. ಎಲ್ಲ ಕೆಟ್ಟದ್ದು ಒಂದು ಸೋಮವಾರ ಸಂಜೆ. ಆಟ ಸ್ವಲ್ಪ ಎಳೆಯಿತು, ದೀಪ ಹಚ್ಚುವ ಹೊತ್ತಾಗಿತ್ತು. ನೆಲದ ಮೇಲಿನ ಸಂತೆಯಲ್ಲಿ ದರೋಡೆಗಾರ್ತಿ ನನ್ನ ಕೈಗೆ ಸಿಕ್ಕಿಬಿದ್ದಿದ್ದಳು. ನಾನು ತಹಶೀಲ್ದಾರಳ ಗತ್ತಿನಲ್ಲಿ, "ಗಂಡ ಮಕ್ಕಳ ಭಯ ಇಲ್ಲೇನು ನಿನಗೆ?" ಅಂದೆ. ಎದುರುಮನೆಯಕ್ಕ ಎದೆ ಮುಂದೆ ಮಾಡಿ ಜೋರಾಗಿ ಅಂದಳು:

"ಗಂಡ ಸತ್ತು ಮಣ್ಣಾಗ್ಯಾನೆ. ನನಗೆ ಇನ್ಯಾರ ಹಂಗು?"

ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ದೊಡ್ಡತ್ತೆ ಹೊರಗೆ ಬಂದಳು. ಎದುರುಮನೆಯಕ್ಕನ ಹಣೆಯ ಕುಂಕುಮ, ಕೊರಳಿನ ತಾಳಿ ನೋಡಿದಳು. ಬೈಯುತ್ತಾಳೆ ಅಂದುಕೊಂಡಿದ್ದೆವು. ಬೈಯಲಿಲ್ಲ.

"ಏನಂದಿ ತಾಯಿ ನೀನು? ಮುತ್ತೈದೆ ನೀನು. ದೀಪ ಹಚ್ಚೋ ಹೊತ್ತು. ಏನಂದಿ?"

"ಆಟದಾಗೆ ಅಂದದ್ದು, ಅತ್ತೆ," ಅಂದಳು ಅತ್ತಿಗೆ.

"ಮ್ಯಾಲೆ ಇರೋರಿಗೆ ಇದು ಆಟ ಅಂತ ಯಾರು ಹೇಳ್ತಾರೆ?" ದೊಡ್ಡತ್ತೆ ಹಂಚಿನ ಕಡೆ ಕೈ ತೋರಿಸಿದಳು. "ಅವರಿಗೆ ಕೇಳೋದು ಮಾತು ಒಂದೇ."

ಎದುರುಮನೆಯಕ್ಕ ಕೆನ್ನೆಗೆ ಹೊಡೆದುಕೊಂಡು ಕೈಮುಗಿದು ಅಳುತ್ತಾ ಮನೆಗೆ ಓಡಿದಳು. ದೊಡ್ಡತ್ತೆ ಒದ್ದೆ ಬಟ್ಟೆ ತಂದು ನೆಲದ ಮೇಲಿನ ದಾರಿ, ಕೆರೆ, ಸಂತೆ ಎಲ್ಲ ಒರೆಸಿದಳು.

ಆ ವಾರವೇ ಎದುರುಮನೆಯಕ್ಕನ ಗಂಡನ ಲಾರಿ ಚಿತ್ರದುರ್ಗದ ಕಡೆ ಘಾಟಿಯಲ್ಲಿ ಮಗುಚಿಬಿತ್ತು. ತಲೆಗೂ ಕಾಲಿಗೂ ಪೆಟ್ಟು. ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ ಅಂತ ಸುದ್ದಿ ಬಂತು. ಎದುರುಮನೆಯಕ್ಕ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಹತ್ತುವಾಗ ಅತ್ತಿಗೆ ಅವಳ ಕೈ ಹಿಡಿಯಲು ಹೋದಳು, ಅವಳು ಕೈ ಎಳೆದುಕೊಂಡಳು.

ಸುದ್ದಿಗೆ ಕಾಲು ಬಂದದ್ದು ಹೇಗೋ ಗೊತ್ತಿಲ್ಲ. ಅಡಿಕೆ ಮನೆಯವರ ಸೊಸೆ ಜಗಳೂರಿಂದ ಏನೋ ಕಲಿತುಕೊಂಡು ಬಂದಿದ್ದಾಳೆ, ಕವಡೆ ಹಾಕಿ ಜನರನ್ನು ಸಾಯಿಸುತ್ತಾಳೆ ಅನ್ನುವಲ್ಲಿಗೆ ಮಾತು ಬೆಳೆಯಿತು. ನೀರು ಹಿಡಿಯಲು ಹೋದರೆ ಹೆಂಗಸರು ಕೊಡ ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. ಶ್ರಾವಣದ ಪ್ರವಚನಕ್ಕೆ ಬೇರೆ ಊರಿಂದ ಬಂದಿದ್ದ ಶಾಸ್ತ್ರಿಗಳು ಒಂದು ಸಂಜೆ, "ಕೆಲವು ಮನೆಗಳಲ್ಲಿ ಮುತ್ತೈದೆಯರು ಹಾಡುಹಗಲೇ ಕವಡೆ ಹಿಡಿದು, ದೇವರು ಕೊಟ್ಟ ಹೆಸರು ಬಿಟ್ಟು, ಇಲ್ಲದ ಹೆಸರು ಇಟ್ಟುಕೊಂಡು ಕೂರುತ್ತಾರಂತೆ. ತನ್ನ ಹೆಸರು ಬಿಟ್ಟವಳು ತನ್ನ ಧರ್ಮ ಬಿಡಲು ಎಷ್ಟು ಹೊತ್ತು?" ಅಂದರು. ಕೂತವರೆಲ್ಲ ನಮ್ಮ ಕಡೆ ತಿರುಗಿ ನೋಡಿದರು. ಅತ್ತಿಗೆ ತಲೆ ತಗ್ಗಿಸಲಿಲ್ಲ, ಆದರೆ ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು.

ಆಪಾಳ ಮನೆಯಲ್ಲೂ ಮಾತಾಯಿತು. ಅವಳ ಮಾವ ಸಾತ್ವಿಕ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಸೊಸೆಯನ್ನು ಕರೆದು, ದುಡ್ಡಿರಲಿ ಇಲ್ಲದಿರಲಿ, ಕವಡೆ ಉರುಳಿಸಿ ಅದು ಹೇಳಿದ ಹಾಗೆ ನಡೆಯುವುದು ಹರಾಮ್, ಮುಂದಿನದು ಅಲ್ಲಾಹನಿಗೆ ಬಿಟ್ಟದ್ದು ಅಂದರಂತೆ. ಆಪಾ ಹೊಲಿಗೆ ಮಷಿನ್ ತುಳಿಯುತ್ತಾ ಕಿಟಕಿಯಿಂದಲೇ ನಮಗೆ ಇದನ್ನು ಹೇಳಿ, "ನಮ್ಮ ಮಾವಂದೂ ನಿಮ್ಮ ಶಾಸ್ತ್ರಿಗಳದ್ದೂ ಇದೊಂದ್ರಾಗೆ ಒಂದೇ ಮಾತು ನೋಡ್ರಿ," ಅಂತ ನಕ್ಕಳು. ನಗುವಿನಲ್ಲಿ ಮೊದಲಿನ ಕಸುವಿರಲಿಲ್ಲ.

ಅಪ್ಪನಿಗೆ ತಲೆ ಕೆಟ್ಟಿತು. ಅಂಗಡಿಗೆ ಬಂದವರೆಲ್ಲ ಅಡಿಕೆ ಧಾರಣೆ ಬಿಟ್ಟು ಸೊಸೆಯ ವಿಷಯ ಕೇಳುತ್ತಿದ್ದರು. ಅಣ್ಣ ಹೆಂಡತಿಯ ಪರವಾಗಿ ಒಂದು ಮಾತು ಆಡಲು ಹೋಗಿ ಅಪ್ಪನಿಂದ ಬೈಸಿಕೊಂಡ. ಕೊನೆಗೆ ಅಪ್ಪ ದೊಡ್ಡತ್ತೆಗೆ, "ಮಠಕ್ಕೆ ಕರ್ಕಂಡು ಹೋಗು. ಬುದ್ಧಿಯೋರು ಹೇಳಿದಂಗೆ ಮಾಡಾಣ," ಅಂದ.

ಊರಾಚೆಯ ಸಣ್ಣ ಮಠ ಅದು. ಅಲ್ಲಿನ ಸ್ವಾಮಿಗಳು ವಯಸ್ಸಾದವರು, ದೊಡ್ಡತ್ತೆಗೆ ಲಿಂಗದೀಕ್ಷೆ ಕೊಟ್ಟವರು. ನಾವು ಮೂವರು ಹೋಗಿ ಕಾಲಿಗೆ ಬಿದ್ದೆವು. ದೊಡ್ಡತ್ತೆ ಎಲ್ಲವನ್ನೂ ಹೇಳಿದಳು, ಹೆಚ್ಚೂ ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಸ್ವಾಮಿಗಳು ಅತ್ತಿಗೆಯನ್ನು ಹತ್ತಿರ ಕೂರಿಸಿಕೊಂಡು ಆಟ ಹೇಗೆ ಅಂತ ಕೇಳಿದರು. ಅವಳು ಅಪ್ಪನ ಹಾಸಿಗೆಯಿಂದ ಹಿಡಿದು ಎಲ್ಲ ಹೇಳಿದಳು.

"ಸುಳ್ಳು ಅಂತ ಗೊತ್ತಿದ್ದೂ ಒಂದೊಂದು ಸಲ ಅಳು ಬರುತ್ತೇನಮ್ಮ?" ಅಂತ ಅವರು ಕೇಳಿದರು.

"ಬರ್ತೈತೆ ಬುದ್ಧಿ."

"ಇಲ್ಲದವರಿಗೆ ಅತ್ತು ಅತ್ತು, ಇರೋರಿಗೆ ಅಳಾಕೆ ಕಣ್ಣೀರು ಉಳೀತಾವೇನು? ನನಗೆ ಇರೋ ಹೆದರಿಕೆ ಅದೊಂದೇ. ಕವಡೆ ಅಲ್ಲ."

"ಉಳೀತಾವೆ ಬುದ್ಧಿ," ಅಂದಳು ಅತ್ತಿಗೆ. "ನಮ್ಮಪ್ಪ ಗೋಡೆ ಕಡೆ ತಿರುಗಿ ಮಲಗಿದ್ದಾಗ ನನಗೆ ಅವನ ಕಂಡ್ರೆ ಸಿಟ್ಟಿತ್ತು. ಆಟದಾಗೆ ಅವನ ಬಸ್ಸು ಹಳ್ಳಕ್ಕೆ ಬಿದ್ದಾಗಲೇ ನನಗೆ ಅಳು ಬಂದದ್ದು."

ಸ್ವಾಮಿಗಳು ತಲೆದೂಗಿದರು, ಒಪ್ಪಿದ ಹಾಗೂ ಕಾಣಲಿಲ್ಲ, ಬಿಟ್ಟ ಹಾಗೂ ಕಾಣಲಿಲ್ಲ. ಆಗ ಅತ್ತಿಗೆ, ದೊಡ್ಡವರ ಮುಂದೆ ಎಂದೂ ಎದುರು ಮಾತಾಡದವಳು, ಕೈಮುಗಿದುಕೊಂಡೇ ಕೇಳಿದಳು:

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಸತ್ತ ಅಂತ ಆಟದಾಗೆ ಅಂದದ್ದಕ್ಕೆ ಲಾರಿ ಬಿತ್ತು ಅಂತಾರೆ. ಹಂಗಾದ್ರೆ ಎದ್ದು ಬಂದ ಅಂತ ಆಟದಾಗೆ ಅಂದ್ರೆ ಅವರು ಎದ್ದು ಬರ್ಬೇಕಲ್ಲ, ಬುದ್ಧಿ? ಕೆಟ್ಟದ್ದಕ್ಕೆ ಒಂದಕ್ಕೇ ಏನು ಅಸ್ತು ಅನ್ನೋದು?"

ಸ್ವಾಮಿಗಳು, "ಅದಕ್ಕೆ ನನ್ನತ್ರ ಉತ್ತರ ಇಲ್ಲ ತಾಯಿ. ಸದ್ಯಕ್ಕೆ ಆಟ ಬ್ಯಾಡ. ಊರಿನ ಮನಸ್ಸು ನೊಂದೈತೆ. ಆ ಮನುಷ್ಯ ಮನೆಗೆ ಬರಲಿ," ಅಂದು ವಿಭೂತಿ ಕೊಟ್ಟು ಕಳಿಸಿದರು.

ದಾರಿಯಲ್ಲಿ ದೊಡ್ಡತ್ತೆ ನಮ್ಮನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು. ಅತ್ತಿಗೆಯ ಎದುರು ಮಾತಿಗೆ ಸಿಟ್ಟು ಬಂದಿದೆ ಅಂತ ನಾನು ಹೆದರಿದ್ದೆ. ಅವಳಿಗೆ ಬಂದದ್ದು ಸಿಟ್ಟಲ್ಲ. ನಂಬಿಕೆ ಅನ್ನುವುದು ಅವಳಲ್ಲಿ ಅರ್ಧಕ್ಕೆ ನಿಲ್ಲುವ ವಸ್ತುವಾಗಿರಲಿಲ್ಲ. ನಮ್ಮಂಥವರು ನಮಗೆ ಬೇಕಾದಷ್ಟು ನಂಬಿ ಉಳಿದದ್ದು ಬಿಡುತ್ತೇವೆ. ಅವಳು ಹಾಗಲ್ಲ.

ಎರಡು ದಿನ ಕಳೆದು ಎದುರುಮನೆಯಕ್ಕ ಬಟ್ಟೆ ತೆಗೆದುಕೊಂಡು ಹೋಗಲು ಊರಿಗೆ ಬಂದಳು. ಗಂಡನಿಗೆ ಇನ್ನೂ ಸರಿಯಾಗಿ ಎಚ್ಚರ ಬಂದಿರಲಿಲ್ಲ, ಕಣ್ಣು ಬಿಟ್ಟರೂ ಗುರುತು ಹಿಡಿಯುತ್ತಿರಲಿಲ್ಲ. ದೊಡ್ಡತ್ತೆ ತಾನೇ ಹೋಗಿ ಅವಳನ್ನು ಕೈಹಿಡಿದು ಕರೆತಂದಳು. ಕಿಟಕಿಯಲ್ಲಿ ಆಪಾಳನ್ನೂ ಕೂಗಿದಳು. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡಿದ್ದ ಮುಖ. ಪಡಸಾಲೆಯ ಮಧ್ಯ ಕೂತು ಅತ್ತಿಗೆಗೆ ಹೇಳಿದಳು:

"ಆ ಕವಡೆ ತಗಂಡು ಬಾ."

"ಬುದ್ಧಿಯೋರು ಆಟ ಬ್ಯಾಡ ಅಂದಾರಲ್ಲ ಅತ್ತೆ?"

"ಇದು ಆಟ ಅಲ್ಲ."

ಅತ್ತಿಗೆ ತಂದಳು. ನೆಲದ ಮೇಲೆ ಮತ್ತೆ ದಾರಿ ಬರೆದಳು. ಎದುರುಮನೆಯಕ್ಕ ಹುಣಸೆಬೀಜ ಇಟ್ಟಳು. ದರೋಡೆಗಾರ್ತಿಗೆ ಒಂದು ಸುದ್ದಿ ಬಂದಿದೆ, ಸತ್ತ ಅಂದುಕೊಂಡಿದ್ದ ಗಂಡ ಸತ್ತಿಲ್ಲ, ಎಲ್ಲೋ ಇದ್ದಾನೆ, ಹುಡುಕಬೇಕು ಅಂತ ಅತ್ತಿಗೆ ಕಥೆ ಎತ್ತಿದಳು. ಆಪಾ ಕವಡೆ ಮುಟ್ಟುವುದಿಲ್ಲ ಅಂತ ಮೊದಲೇ ಹೇಳಿ, ಗೋಡೆಗೆ ಒರಗಿ ಕೂತಳು. "ಮಾತಾಡಾಕೆ ಯಾರೂ ಬ್ಯಾಡ ಅಂದಿಲ್ಲ. ನನ್ನ ಹಡಗು ಅವಳಿಗೆ ಕೊಟ್ಟೀನಿ, ಬರ್ಕಳ್ರಿ," ಅಂದಳು.

"ನೀವು ಯಾರಾಗ್ತೀರಿ ಅತ್ತೆ?" ಅಂತ ಅತ್ತಿಗೆ ಕೇಳಿದಳು.

"ನಾನ್ಯಾಕೆ ಇನ್ನೊಬ್ಬಳಾಗಲಿ? ನಾನು ನಾನೇ," ಅಂದು ದೊಡ್ಡತ್ತೆ ತನ್ನ ಕೊರಳಿನ ರುದ್ರಾಕ್ಷಿ ಬಿಚ್ಚಿ ಹುಣಸೆಬೀಜದ ಪಕ್ಕ ಇಟ್ಟಳು.

ಮೊದಲ ಊರಲ್ಲಿ ಕವಡೆ ಬೋರಲು ಬಿದ್ದವು. ಯಾರೂ ಅವನನ್ನು ಕಂಡಿಲ್ಲ. ಎದುರುಮನೆಯಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೊಡ್ಡತ್ತೆ, "ಇನ್ನೊಮ್ಮೆ ಹಾಕು," ಅಂದಳು. ಹಾಗೆ ಹಾಕುವಂತಿಲ್ಲ ಅಂದಳು ಅತ್ತಿಗೆ. ದೊಡ್ಡತ್ತೆ ಒಂದು ಕ್ಷಣ ಅವಳ ಮುಖ ನೋಡಿ, "ಸರಿ ಹಂಗಾದ್ರೆ. ನಾನು ಮುಂದಿನ ಊರಿಗೆ ಹೋಗ್ತೀನಿ," ಅಂದಳು.

"ಯಾವ ದಾರಿ ಹಿಡೀತೀರಿ?"

"ಹೊನ್ನಾಳಿ ದಾರಿ. ನಡಕಂಡೇ ಹೋಗ್ತೀನಿ. ಹೊಳೆ ತುಂಬಿರ್ತೈತೆ, ತೆಪ್ಪದೋನ್ನ ಕೂಗ್ತೀನಿ. ಹೆಂಗಸು ಒಬ್ಬಳೇ ಬಂದಾಳೆ ಅಂತ ಅವನು ಹಿಂದೆ ಮುಂದೆ ನೋಡ್ತಾನೆ. ಕೈಬಳೆ ಬಿಚ್ಚಿ ಕೊಡ್ತೀನಿ."

ದೊಡ್ಡತ್ತೆಯ ಕೈಯಲ್ಲಿ ಬಳೆ ಇರಲಿಲ್ಲ. ನಾನು ಹುಟ್ಟುವ ಎಷ್ಟೋ ಮೊದಲಿಂದ ಇರಲಿಲ್ಲ. ಅತ್ತಿಗೆ ನನ್ನ ಕಡೆ ನೋಡಿದಳು, ನಾನು ಅವಳ ಕಡೆ.

"ಆಮೇಲೆ, ಅತ್ತೆ?"

"ಆಚೆ ದಡದಾಗೆ ಹತ್ತಿದ್ರೆ ನ್ಯಾಮತಿ ದಾರಿ. ಊರೊಳಗೆ ಹೋದ್ರೆ ಒಂದು ಬಾವಿ, ಬಾವಿ ಎದುರಿಗೆ ನಮ್ಮನೆಯೋರ ಚಿಕ್ಕಪ್ಪನ ಮನೆ. ಎತ್ತು ಮಾರಾಕೆ ಬಂದೋರು ಅಲ್ಲೇ ಇಳ್ಕಂಡಿದ್ರು. ವಾಂತಿಭೇದಿ ಶುರುವಾದದ್ದು ಅಲ್ಲೇ. ನನಗೆ ಸುದ್ದಿ ಬಂದಾಗ ಇನ್ನೂ ಜೀವ ಇತ್ತಂತೆ. ನಾನು ಹೋಗ್ತೀನಿ ಅಂದೆ. ಚಿಕ್ಕ ಹುಡುಗಿ, ರೋಗದ ಮನೆ, ಬ್ಯಾಡ ಅಂದ್ರು. ಒಳಗೆ ಹಾಕಿ ಚಿಲಕ ಹಾಕಿದ್ರು."

ಅವಳು ಅದನ್ನು ಯಾರಿಗೂ ಹೇಳುತ್ತಿದ್ದ ಹಾಗಿರಲಿಲ್ಲ. ಕಣ್ಣು ನೆಲದ ಮೇಲಿನ ಸುಣ್ಣದ ಗೆರೆಯ ಮೇಲೇ ಇತ್ತು. ಒಂದು ಬೆರಳಿನಿಂದ ರುದ್ರಾಕ್ಷಿಯನ್ನು ನಿಧಾನ ಮುಂದೆ ಸರಿಸುತ್ತಿದ್ದಳು.

"ಈಗ ಯಾರೂ ಚಿಲಕ ಹಾಕಿಲ್ಲ ಅತ್ತೆ," ಅಂದಳು ಅತ್ತಿಗೆ ಮೆಲ್ಲಗೆ. "ಬಾಗಿಲ ಮುಂದೆ ನಿಂತೀರಿ. ಏನು ಮಾಡ್ತೀರಿ?"

"ಬಾಗಿಲು ತೆಗೀತೀನಿ. ಒಳಗೆ ಕತ್ತಲು ಐತೆ. ಕಂಬಳಿ ಮೇಲೆ ಮಲಗ್ಯಾರೆ. ಮುಖ..." ರುದ್ರಾಕ್ಷಿ ಸರಿಸುತ್ತಿದ್ದ ಬೆರಳು ನಿಂತಿತು. "ಮುಖ ಹೆಂಗಿತ್ತು ಅಂತ ಮರ್ತೀನಿ ನಾನು."

ಆಪಾ ಗೋಡೆ ಬಿಟ್ಟು ಬಂದು ದೊಡ್ಡತ್ತೆಯ ಬೆನ್ನ ಮೇಲೆ ಕೈ ಇಟ್ಟಳು. ಎದುರುಮನೆಯಕ್ಕ ಅಷ್ಟು ದಿನದ ಮೇಲೆ ಮೊದಲ ಸಲ ಅತ್ತಿಗೆಯ ಕೈ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡತ್ತೆ ಕಣ್ಣು ಒರೆಸಿಕೊಂಡು ಮತ್ತೆ ಮೊದಲಿನ ದೊಡ್ಡತ್ತೆಯಾದಳು.

"ನಂದು ಆಯ್ತು. ಇವಳ ಗಂಡನ್ನ ಹುಡುಕಾಣ. ಅದೇ ಮನೆಯಾಗೆ, ಪಕ್ಕದ ಕೋಣೆಯಾಗೆ ಅದಾನೆ ಅನ್ನು. ಹಾಕು ಕವಡೆ."

ಅತ್ತಿಗೆ ಕವಡೆ ಕುಲುಕಿ ಹಾಕಿದಳು. ಅವು ಉರುಳಿ ನಿಲ್ಲುವ ಮೊದಲೇ ದೊಡ್ಡತ್ತೆ ಅಂಗೈ ಅಗಲಿಸಿ ಅವನ್ನು ಮುಚ್ಚಿದಳು.

"ನೋಡಬ್ಯಾಡ. ಸಿಕ್ಕ ಅನ್ನು."

ತನ್ನ ಅಪ್ಪನ ಆಟದ ಒಂದು ನಿಯಮವನ್ನೂ ಮುರಿಯದವಳು ಅತ್ತಿಗೆ. ಅವಳು ದೊಡ್ಡತ್ತೆಯ ಕೈ ನೋಡಿದಳು, ಎದುರುಮನೆಯಕ್ಕನ ಮುಖ ನೋಡಿದಳು.

"ಸಿಕ್ಕ," ಅಂದಳು. "ಎದ್ದು ಕೂತಾನೆ. ಹೆಂಡ್ತಿ ಹೆಸರು ಹಿಡಿದು ಕರೀತಾನೆ."

ದೊಡ್ಡತ್ತೆ ಹಂಚಿನ ಕಡೆ ಮುಖ ಎತ್ತಿ, ಸಂತೆಯಲ್ಲಿ ಕಿವುಡರ ಹತ್ತಿರ ಮಾತಾಡುವಷ್ಟು ಜೋರಾಗಿ ಕೂಗಿದಳು: "ಕೇಳಿತೇನ್ರಪ್ಪಾ? ಎದ್ದು ಕೂತ!"

ಆ ಮನುಷ್ಯ ದಸರೆಗೆ ಮನೆಗೆ ಬಂದ. ಒಂದು ಕಾಲು ಕುಂಟುವುದು ಉಳಿಯಿತು, ಮತ್ತೆ ಲಾರಿ ಹತ್ತಲಿಲ್ಲ, ಓಣಿಯ ತುದಿಯಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಇಟ್ಟುಕೊಂಡ. ಆಸ್ಪತ್ರೆಯ ಡಾಕ್ಟರು ಚೆನ್ನಾಗಿ ನೋಡಿದರು ಅಂತ ಅವನು ಹೇಳುತ್ತಿದ್ದ. ಸ್ವಾಮಿಗಳ ವಿಭೂತಿ ಅಂತ ಓಣಿಯವರು ಹೇಳುತ್ತಿದ್ದರು. ಆಪಾಳ ಮಾವ ಅಲ್ಲಾಹನ ಮೆಹರಬಾನಿ ಅಂದರು. ಎದುರುಮನೆಯಕ್ಕ ಯಾರು ಏನು ಹೇಳಿದರೂ 'ಹೌದ್ರಿ' ಅನ್ನುತ್ತಿದ್ದಳು.

ಆಟ ಮತ್ತೆ ಶುರುವಾಯಿತು, ಆದರೆ ಮೊದಲಿನ ಹಾಗಲ್ಲ. ದೊಡ್ಡತ್ತೆ ಒಂದಷ್ಟು ಕಟ್ಟಳೆ ಹಾಕಿದಳು. ಸೋಮವಾರ, ಅಮಾವಾಸ್ಯೆ ಬೇಡ. ದೀಪ ಹಚ್ಚುವ ಮೊದಲು ಮುಗಿಸಬೇಕು. ಗಂಡ, ಮಕ್ಕಳು, ಹೆತ್ತವರು ಸತ್ತರು ಅನ್ನುವ ಮಾತು ನೆಲದ ಮೇಲೂ ಬರಬಾರದು. ಅವಳು ಮಾತ್ರ ಮತ್ತೆಂದೂ ಆಡಲು ಕೂರಲಿಲ್ಲ. ನಾವು ಕರೆದರೆ, "ನಿಮಗೆ ಗೊತ್ತಿಲ್ಲ, ಅದು ಹುಡುಗಾಟಕ್ಕಲ್ಲ," ಅನ್ನುತ್ತಿದ್ದಳು. ಹಿಂದೆ ಆಟ ಸುಳ್ಳು ಅಂತ ಅವಳು ವಿರೋಧಿಸಿದ್ದಳು ಅಂತ ನಾವು ತಿಳಿದಿದ್ದೆವು. ಅದು ನಮ್ಮ ತಿಳಿವಳಿಕೆಯ ತಪ್ಪು. ಅದು ಸುಳ್ಳಲ್ಲ ಅಂತ ನಮ್ಮೆಲ್ಲರಿಗಿಂತ ಮೊದಲು ಗೊತ್ತಾದವಳು ಅವಳೇ. ಶಾಸ್ತ್ರಿಗಳ ಮಾತಿಗೆ ನನಗೆ ಇವತ್ತೂ ಸಿಟ್ಟಿದೆ. ಸ್ವಾಮಿಗಳ ಪ್ರಶ್ನೆಯ ಬಗ್ಗೆ ಮಾತ್ರ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಣ್ಣೀರು ಉಳಿಯುತ್ತದೋ ಇಲ್ಲವೋ ಅನ್ನುವುದು ಯಾರು ಅಳುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ ಅಂತ ಕಾಣುತ್ತದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೂ ಸಿಕ್ಕಿಲ್ಲ.

ಮಳೆ ಪೂರ್ತಿ ನಿಂತ ಮೇಲೆ ಒಂದು ಬೆಳಗ್ಗೆ ದೊಡ್ಡತ್ತೆ ಒಳ್ಳೆಯ ಸೀರೆ ಉಟ್ಟು, "ನ್ಯಾಮತಿಗೆ ಹೋಗ್ಬೇಕು, ನೀವಿಬ್ರೂ ಬರ್ರಿ," ಅಂದಳು. ಹೊನ್ನಾಳಿ ಬಸ್ಸು ಹಿಡಿದೆವು. ಹೊಳೆ ಈಗ ಸೇತುವೆಯ ಕೆಳಗೆ ಇತ್ತು. ಬಸ್ಸು ದಾಟುವಷ್ಟು ಹೊತ್ತೂ ಅವಳು ಕಿಟಕಿಯ ಸರಳು ಹಿಡಿದು ನೀರನ್ನೇ ನೋಡುತ್ತಿದ್ದಳು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿಯಲ್ಲಿ ಇಳಿದೆವು. ಅವಳು ಆ ಊರಿಗೆ ಬಂದದ್ದು ಅದೇ ಮೊದಲು, ಬಾವಿ, ಮನೆ ಎಲ್ಲ ಅವರಿವರು ಹೇಳಿ ಕೇಳಿದ್ದಷ್ಟೇ. ಅವರಿವರನ್ನು ಕೇಳಿಕೊಂಡು ಹೋದರೆ ಬಾವಿಗೆ ಕಲ್ಲು ಹಾಸಿ ಮುಚ್ಚಿದ್ದರು. ಅದರ ಎದುರಿಗಿನ ಮನೆ ಎಂದೋ ಕೈ ಬದಲಾಗಿ ಮಂಡಕ್ಕಿ ಭಟ್ಟಿಯಾಗಿತ್ತು. ಒಳಗಿಂದ ಕಾದ ಮರಳಿನ ವಾಸನೆ, ಬೆಂಕಿಯ ಝಳ.

ಭಟ್ಟಿಯವನು ಎಷ್ಟು ಸೇರು ಬೇಕು ಅಂತ ಕೇಳಿದ. ದೊಡ್ಡತ್ತೆ, "ಒಳಗೆ ಒಂದು ಸಲ ನೋಡ್ಲೇನಪ್ಪ? ನಮ್ಮೋರು ಇದ್ದ ಮನೆ," ಅಂದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಒಬ್ಬಳೇ ಒಳಗೆ ಹೋದಳು. ಅತ್ತಿಗೆಯೂ ನಾನೂ ಕಟ್ಟೆಯ ಮೇಲೆ ಕೂತೆವು. ಬಹಳ ಹೊತ್ತೇನೂ ಆಗಲಿಲ್ಲ. ಹೊರಗೆ ಬಂದಾಗ ಅವಳ ಮುಖ ಬೆಂಕಿಯ ಝಳಕ್ಕೆ ಕೆಂಪಾಗಿ ಬೆವರಿತ್ತು. ಬಿಸಿ ಮಂಡಕ್ಕಿ ಒಂದು ಚೀಲ ತುಂಬಿಸಿಕೊಂಡಳು.

ಸಂಜೆ ಮನೆಗೆ ಬಂದ ಅಪ್ಪ, ಮೂವರೂ ಮನೆ ಬಿಟ್ಟು ಎಲ್ಲಿಗೆ ಹೋಗಿದ್ದಿರಿ ಅಂತ ಗುಡುಗಿದ.

"ಮಂಡಕ್ಕಿ ತರಾಕೆ," ಅಂದಳು ದೊಡ್ಡತ್ತೆ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಈರುಳ್ಳಿ ಹೆಚ್ಚವ್ವ, ಮೆಣಸಿನಕಾಯಿ ಕರಿ. ಮೆತ್ತಗಾಗೋಕೆ ಮೊದಲು ತಿನ್ನಾಣ," ಅಂದಳು.